ಬಲದ ತಂತಿ, ಸುದ್ದಿಯ ತಂತಿ
(ಮೋಟಾರು ವಾಹನಗಳಿಗೆ ಹೊಸ ಉಪಕರಣಗಳನ್ನು ಜೋಡಿಸುವ ಕ್ರಮವನ್ನು ಕುರಿತ ಒಂದು ಪಾಠ)

೧. ಪೀಠಿಕೆ

ಸೇಲಂನಿಂದ ಓಮಲೂರು, ತೊಪ್ಪೂರು, ಧರ್ಮಪುರಿ, ಕೃಷ್ಣಗಿರಿ, ಹೊಸೂರುಗಳ ಮೇಲೆ ಬೆಂಗಳೂರಿಗೆ ಹೋಗುವ ಹೆದ್ದಾರಿಯು ನಮ್ಮ ಕಡಯಂಪಟ್ಟಿಯ ಸೀಮೆಯನ್ನು ಹಾದುಹೋಗುತ್ತದೆ. ಹಿಂದೆ ೭ನೆಯ ಸಂಖ್ಯೆಯಿಂದ ಕರೆಯಲ್ಪಡುತ್ತಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ ೪೪ನೆಯ ಸಂಖ್ಯೆ. ಹಗಲೂ ಇರುಳೂ ಇದರ ಮೇಲೆ ಲಾರಿಗಳು ಸಾಗುತ್ತಲೇ ಇರುತ್ತವೆ. ಲಾರಿ ಓಡಿಸುವವರು, ಬಾಡಿಗೆ ಕಾರು ನಡೆಸುವವರು, ವ್ಯಾನು ಇಟ್ಟುಕೊಂಡವರು, ರಿಪೇರಿ ಅಂಗಡಿಯಲ್ಲಿ ದುಡಿಯುವವರು ಈ ದಾರಿಯ ಊರುಗಳಲ್ಲೆಲ್ಲ ಉಂಟು. ಆದುದರಿಂದ ವಾಹನದ ವಿಷಯವು ನಮ್ಮ ಮಕ್ಕಳಿಗೆ ಪುಸ್ತಕದ ವಿಷಯ ಮಾತ್ರವಲ್ಲ. ಮನೆಯ ಅನ್ನದ ವಿಷಯವೂ ಆಗಿದೆ.

ಕಾರ್ಖಾನೆಯಿಂದ ಬಂದ ವಾಹನವು ಹಾಗೆಯೇ ಉಳಿಯುವುದು ಅಪರೂಪ. ಒಬ್ಬರು ಹಾಡಿನ ಸೆಟ್ಟನ್ನು ಹಾಕಿಸುತ್ತಾರೆ. ಇನ್ನೊಬ್ಬರು ಮಂಜಿನ ದೀಪಗಳನ್ನೂ ಹಿಂಬದಿಯ ಕ್ಯಾಮೆರಾವನ್ನೂ ಕಟ್ಟಿಸುತ್ತಾರೆ. ವಾಹನವು ಎಲ್ಲಿದೆಯೆಂದು ತಿಳಿಸುವ ಜಿ.ಪಿ.ಎಸ್. ಯಂತ್ರ, ಕಳ್ಳರನ್ನು ಎಚ್ಚರಿಸುವ ಅಲಾರಂ, ವೇಗಮಿತಿ ಯಂತ್ರ ಇವೆಲ್ಲವೂ ಹೀಗೆಯೇ ತರುವಾಯ ಸೇರುವಂಥವು. ಇವುಗಳಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ. ಆದರೆ ಅವನ್ನು ಯಾವ ತಂತಿಗೆ, ಯಾವ ರೀತಿಯಲ್ಲಿ ಜೋಡಿಸುತ್ತೇವೆ ಎಂಬುದರ ಮೇಲೆ ವಾಹನದ ಆರೋಗ್ಯವೂ ಅದರೊಳಗೆ ಕುಳಿತವರ ಪ್ರಾಣವೂ ನಿಂತಿವೆ. ಈ ಪಾಠದಲ್ಲಿ ಆ ವಿಷಯವನ್ನು ಮೊದಲಿನಿಂದ ವಿಚಾರಿಸೋಣ.

೨. ಎಂಜಿನಿಗೆ ಕಂಪ್ಯೂಟರು ಬಂದ ಬಗೆ

ಅಜ್ಜಂದಿರ ಕಾಲದ ಅಂಬಾಸಡರ್ ಕಾರಿನಲ್ಲಿ ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸುವ ಕೆಲಸವನ್ನು ಕಾರ್ಬೊರೇಟರ್ ಎಂಬ ಲೋಹದ ಪಾತ್ರೆಯು ಮಾಡುತ್ತಿತ್ತು. ಅಲ್ಲಿ ವಿದ್ಯುತ್ತಿನ ಕೆಲಸವು ದೀಪ, ಹಾರನ್, ಸ್ಟಾರ್ಟರ್ ಮತ್ತು ಕಿಡಿ ಇಷ್ಟಕ್ಕೇ ಮುಗಿಯುತ್ತಿತ್ತು. ಜರ್ಮನಿಯ ಬಾಷ್ ಕಂಪನಿಯು ೧೯೬೭ರಲ್ಲಿ ಫೋಕ್ಸ್‌ವಾಗನ್ ಕಾರುಗಳಿಗೆ ವಿದ್ಯುನ್ಮಾನ ವಿಧಾನದಿಂದ ಪೆಟ್ರೋಲನ್ನು ಸಿಂಪಡಿಸುವ ಏರ್ಪಾಡನ್ನು ಒದಗಿಸಿತು. ೧೯೭೯ರಲ್ಲಿ ಇಂಧನ, ಕಿಡಿ ಎರಡನ್ನೂ ಒಂದೇ ಕಂಪ್ಯೂಟರಿನ ಆಳ್ವಿಕೆಗೆ ಒಪ್ಪಿಸುವ ಏರ್ಪಾಡು ಬಂತು. ಈ ಕಂಪ್ಯೂಟರನ್ನೇ ಮೆಕ್ಯಾನಿಕರು ಇ.ಸಿ.ಯು. ಎಂದು ಕರೆಯುವುದು.

ಭಾರತದಲ್ಲಿ ಈ ಬದಲಾವಣೆಗೆ ಮುಖ್ಯ ಕಾರಣವಾದುದು ಹೊಗೆಯ ನಿಯಮಗಳು. ೨೦೦೦ದ ಇಸವಿಯಿಂದ ಹಂತಹಂತವಾಗಿ ಬಿಗಿಯಾಗುತ್ತ ಬಂದ ಈ ನಿಯಮಗಳು ೨೦೧೭ರ ಏಪ್ರಿಲ್ ೧ರಿಂದ ದೇಶಾದ್ಯಂತ ಭಾರತ್ ಸ್ಟೇಜ್ ೪ ಆಗಿಯೂ, ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ ಆಗಿಯೂ ಜಾರಿಗೆ ಬಂದವು. ಇಷ್ಟು ಕಟ್ಟುನಿಟ್ಟಾಗಿ ಇಂಧನವನ್ನು ಅಳೆದು ಕೊಡಲು ಕಂಪ್ಯೂಟರೇ ಬೇಕು. ೧೯೫೧ರಲ್ಲಿ ಮೈಕೋ ಎಂಬ ಹೆಸರಿನಿಂದ ಆರಂಭವಾಗಿ, ೨೦೦೮ರಲ್ಲಿ ಬಾಷ್ ಎಂಬ ಹೆಸರನ್ನು ಪಡೆದ ಬೆಂಗಳೂರಿನ ಕಂಪನಿಯು ಡೀಸೆಲ್ ಪಂಪುಗಳಿಗೆ ಹೆಸರಾದುದು. ನಮ್ಮ ದಾರಿಯ ಹೊಸೂರಿನಲ್ಲಿ ೧೯೮೦ರಿಂದ ಅಶೋಕ್ ಲೇಲ್ಯಾಂಡ್ ಲಾರಿಗಳು ತಯಾರಾಗುತ್ತಿವೆ. ಹೀಗೆ ಈ ವಿದ್ಯೆಯು ದೂರದೇಶದ್ದಾಗಿ ಉಳಿದಿಲ್ಲ. ನಮ್ಮ ಹೆದ್ದಾರಿಯ ಉದ್ದಕ್ಕೂ ನೆಲೆಸಿದೆ.

೩. ಎರಡು ಜಾತಿಯ ತಂತಿಗಳು

ವಾಹನದೊಳಗಿನ ನೂರಾರು ತಂತಿಗಳು ಹೊರನೋಟಕ್ಕೆ ಒಂದೇ ಬಗೆಯವಾಗಿ ಕಾಣುತ್ತವೆ. ಆದರೆ ಕೆಲಸವನ್ನು ನೋಡಿದರೆ ಅವು ಎರಡು ಜಾತಿ. ಮೊದಲನೆಯದು ಬಲದ ತಂತಿ. ಬ್ಯಾಟರಿಯಿಂದ ದೀಪಕ್ಕೆ, ಹಾರನ್‌ಗೆ, ಫ್ಯಾನಿಗೆ ಶಕ್ತಿಯನ್ನು ಒಯ್ಯುವುದು ಇದರ ಕೆಲಸ. ಇದರಲ್ಲಿ ಅನೇಕ ಆಂಪಿಯರ್ ಪ್ರವಾಹವು ಹರಿಯುತ್ತದೆ. ಎರಡನೆಯದು ಸುದ್ದಿಯ ತಂತಿ. ಎಂಜಿನಿನ ನೀರು ಎಷ್ಟು ಬಿಸಿಯಾಗಿದೆ, ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ, ಚಾಲಕನು ಪೆಡಲನ್ನು ಎಷ್ಟು ಒತ್ತಿದ್ದಾನೆ ಎಂಬ ವರ್ತಮಾನವನ್ನು ಸೆನ್ಸಾರುಗಳಿಂದ ಕಂಪ್ಯೂಟರಿಗೆ ಮುಟ್ಟಿಸುವುದು ಇದರ ಕೆಲಸ. ಇದರಲ್ಲಿ ಹರಿಯುವ ಪ್ರವಾಹ ಅತ್ಯಲ್ಪ. ಆಂಪಿಯರಿನ ಸಾವಿರದ ಕೆಲವು ಅಂಶಗಳು ಮಾತ್ರ.

ಬಲದ ತಂತಿಯನ್ನು ಊರ ಕಾಲುವೆಗೆ ಹೋಲಿಸಬಹುದು. ಕಾಲುವೆಯಿಂದ ಒಂದು ಕೊಡ ನೀರನ್ನು ತೆಗೆದರೆ ಕೆಳಗಿನ ಗದ್ದೆಗೆ ಕೊರತೆಯಾಗದು. ಸುದ್ದಿಯ ತಂತಿಯಾದರೋ ಔಷಧಿಯನ್ನು ಅಳೆಯುವ ಗಾಜಿನ ಕೊಳವೆಯಂತೆ. ಅದರಿಂದ ನಾಲ್ಕು ಹನಿಯನ್ನು ತೆಗೆದರೂ ಅಳತೆಯೇ ಸುಳ್ಳಾಗುತ್ತದೆ. ಹಳೆಯ ಕಾರಿನಲ್ಲಿ ಕೈಗೆ ಸಿಕ್ಕ ತಂತಿಯನ್ನು ಅರ್ಧ ಸುಲಿದು, ಇನ್ನೊಂದನ್ನು ತಿರುಚಿ, ಟೇಪು ಸುತ್ತುವ ಅಭ್ಯಾಸವು ಹೇಗೋ ನಡೆಯುತ್ತಿತ್ತು. ಇಂದಿನ ವಾಹನದಲ್ಲಿ ಅದೇ ಅಭ್ಯಾಸವು ಅನರ್ಥಕ್ಕೆ ದಾರಿಯಾಗುವುದು ಈ ಕಾರಣದಿಂದ.

೪. ಒಂದು ಸಣ್ಣ ಲೆಕ್ಕ

ಮೇಲಿನ ಮಾತನ್ನು ಓಮನ ನಿಯಮದಿಂದ ಪರೀಕ್ಷಿಸೋಣ. ಕಂಪ್ಯೂಟರು ತನ್ನೊಳಗಿನ ೫ ವೋಲ್ಟಿನಿಂದ ಒಂದು ರೋಧಕದ ಮೂಲಕ ಉಷ್ಣತೆಯ ಸೆನ್ಸಾರಿಗೆ ಪ್ರವಾಹವನ್ನು ಕಳುಹಿಸುತ್ತದೆ. ಸೆನ್ಸಾರಿನ ರೋಧವು ಬಿಸಿಯಾದಂತೆ ಇಳಿಯುತ್ತದೆ. ಎರಡರ ನಡುವಿನ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇದೆಯೆಂಬುದನ್ನು ಓದಿ ಕಂಪ್ಯೂಟರು ಎಂಜಿನಿನ ಉಷ್ಣತೆಯನ್ನು ತಿಳಿದುಕೊಳ್ಳುತ್ತದೆ.

ಲೆಕ್ಕದ ಸೌಕರ್ಯಕ್ಕಾಗಿ ಒಳಗಿನ ರೋಧಕವು ೨೨೦೦ ಓಮ್, ಎಂಜಿನ್ ತಣ್ಣಗಿರುವಾಗ ಸೆನ್ಸಾರೂ ೨೨೦೦ ಓಮ್ ಎಂದಿಟ್ಟುಕೊಳ್ಳೋಣ. ಎರಡೂ ಸಮವಾಗಿರುವುದರಿಂದ ನಡುವಿನ ಬಿಂದುವಿನಲ್ಲಿ ೫ರ ಅರ್ಧ, ಅಂದರೆ ೨.೫ ವೋಲ್ಟ್ ಇರುತ್ತದೆ. ಈಗ ಯಾರೋ ಒಬ್ಬರು ಈ ತಂತಿಗೆ ೧೦,೦೦೦ ಓಮ್ ರೋಧವುಳ್ಳ ಒಂದು ಮೀಟರನ್ನು ಸೇರಿಸಿದರೆಂದು ಭಾವಿಸೋಣ. ಸಮಾಂತರವಾಗಿ ಸೇರಿದ ೨೨೦೦ ಮತ್ತು ೧೦,೦೦೦ ಓಮುಗಳು ಕೂಡಿ ಸುಮಾರು ೧೮೦೩ ಓಮ್ ಆಗುತ್ತವೆ. ನಡುವಿನ ವೋಲ್ಟೇಜು ೨.೨೫ಕ್ಕೆ ಇಳಿಯುತ್ತದೆ. ಎಂಜಿನ್ ಇದ್ದುದಕ್ಕಿಂತ ಬಿಸಿಯಾಗಿದೆಯೆಂದು ಕಂಪ್ಯೂಟರು ನಂಬಿ, ತಣ್ಣನೆಯ ಎಂಜಿನಿಗೆ ಬೇಕಾದಷ್ಟು ಪೆಟ್ರೋಲನ್ನು ಕೊಡದೆ ಹೋಗುತ್ತದೆ. ಬೆಳಗಿನ ಹೊತ್ತು ಎಂಜಿನ್ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಕಾರಣವು ಯಾರಿಗೂ ತೋರುವುದಿಲ್ಲ. ಏಕೆಂದರೆ ಯಾವ ತಂತಿಯೂ ಕಡಿದಿಲ್ಲ, ಯಾವ ಫ್ಯೂಸೂ ಹೋಗಿಲ್ಲ.

ಅದೇ ತಂತಿಯನ್ನು ೧೨ ವೋಲ್ಟ್, ೩ ವ್ಯಾಟಿನ ಟೆಸ್ಟ್ ಲ್ಯಾಂಪಿನಿಂದ ಮುಟ್ಟಿದರೆ ಏನಾಗುತ್ತದೆ? ಉರಿಯುವಾಗ ಆ ಬಲ್ಬಿನ ರೋಧ ೪೮ ಓಮ್. ತಣ್ಣಗಿರುವಾಗ ಅದಕ್ಕಿಂತಲೂ ಕಡಿಮೆ. ೪೮ ಓಮ್ ಎಂದೇ ಹಿಡಿದರೂ ೨.೫ ವೋಲ್ಟ್ ಇದ್ದುದು ೦.೧ ವೋಲ್ಟಿನಷ್ಟಾಗಿ ಕುಸಿಯುತ್ತದೆ. ಬಲ್ಬು ಉರಿಯುವುದಿಲ್ಲ, ಆದುದರಿಂದ ತಂತಿಯಲ್ಲಿ ಏನೂ ಇಲ್ಲವೆಂದು ಪರೀಕ್ಷಿಸಿದವನು ತೀರ್ಮಾನಿಸುತ್ತಾನೆ. ಇದ್ದ ಸುದ್ದಿಯನ್ನು ಅಳಿಸಿದುದು ತನ್ನ ಬಲ್ಬೇ ಎಂಬುದು ಅವನಿಗೆ ತಿಳಿಯದು. ಈ ಕಾರಣದಿಂದ ಸುದ್ದಿಯ ತಂತಿಗಳನ್ನು ಟೆಸ್ಟ್ ಲ್ಯಾಂಪಿನಿಂದ ಪರೀಕ್ಷಿಸತಕ್ಕದ್ದಲ್ಲ. ಡಿಜಿಟಲ್ ಮಲ್ಟಿಮೀಟರಿನ ರೋಧವು ಸಾಮಾನ್ಯವಾಗಿ ಒಂದು ಕೋಟಿ ಓಮಿನಷ್ಟಿರುವುದರಿಂದ ಅದು ನೋಡುತ್ತದೆಯೇ ಹೊರತು ಕದಿಯುವುದಿಲ್ಲ.

೫. ಶಾಲೆಯಲ್ಲಿ ಮಾಡಿ ನೋಡಬಹುದಾದ ಪ್ರಯೋಗ

ವಿದ್ಯಾರ್ಥಿಗಳು ಇದನ್ನು ವಾಹನದ ಹತ್ತಿರ ಹೋಗದೆಯೇ ಮಾಡಿ ನೋಡಬಹುದು. ಬೇಕಾದ ಸಾಮಾನುಗಳು: ೯ ವೋಲ್ಟಿನ ಒಂದು ಚಿಕ್ಕ ಬ್ಯಾಟರಿ, ೨೨೦೦ ಓಮಿನ ಎರಡು ರೋಧಕಗಳು, ೧೦,೦೦೦ ಓಮಿನ ಒಂದು ರೋಧಕ, ಒಂದು ಟಾರ್ಚ್ ಬಲ್ಬು, ಒಂದು ಡಿಜಿಟಲ್ ಮಲ್ಟಿಮೀಟರ್. ಸಮನಾದ ಎರಡು ರೋಧಕಗಳನ್ನು ಒಂದರ ಹಿಂದೊಂದು ಜೋಡಿಸಿ ಬ್ಯಾಟರಿಗೆ ಸೇರಿಸಿರಿ. ನಡುವಿನ ಬಿಂದುವಿಗೂ ಬ್ಯಾಟರಿಯ ಋಣಾಗ್ರಕ್ಕೂ ಮಧ್ಯೆ ಅಳೆದರೆ ಸುಮಾರು ೪.೫ ವೋಲ್ಟ್ ಕಾಣುವುದು. ಅದೇ ಎರಡು ಬಿಂದುಗಳ ಮಧ್ಯೆ ೧೦,೦೦೦ ಓಮಿನ ರೋಧಕವನ್ನು ಸೇರಿಸಿ ಅಳೆದರೆ ೪.೦೫ರ ಹತ್ತಿರಕ್ಕೆ ಇಳಿಯುವುದು. ಅದನ್ನು ತೆಗೆದು ಟಾರ್ಚ್ ಬಲ್ಬನ್ನು ಸೇರಿಸಿದರೆ ಬಲ್ಬು ಉರಿಯದು, ವೋಲ್ಟೇಜು ಮಾತ್ರ ಶೂನ್ಯದ ಸಮೀಪಕ್ಕೆ ಬೀಳುವುದು. ಮೂರು ಅಳತೆಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿರಿ. ಈ ಪಾಠದ ಸಾರವೆಲ್ಲ ಆ ಮೂರು ಸಂಖ್ಯೆಗಳಲ್ಲಿ ಅಡಗಿದೆ.

೬. ಜೋಡಿ ತಂತಿಯ ಸಂಭಾಷಣೆ

ವಾಹನದಲ್ಲಿ ಎಂಜಿನಿನ ಕಂಪ್ಯೂಟರು ಒಂದೇ ಅಲ್ಲ. ಬ್ರೇಕಿಗೆ ಒಂದು, ಮೀಟರುಗಳ ಹಲಗೆಗೆ ಒಂದು, ಗಾಳಿಚೀಲಗಳಿಗೆ ಒಂದು, ಹೀಗೆ ಹಲವು ಕಂಪ್ಯೂಟರುಗಳು ಇರುತ್ತವೆ. ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ತಂತಿಯನ್ನು ಎಳೆದರೆ ವಾಹನವು ತಂತಿಯ ಮೂಟೆಯಾದೀತು. ಇದಕ್ಕೆ ಉಪಾಯವಾಗಿ ಬಾಷ್ ಕಂಪನಿಯವರು ೧೯೮೩ರಲ್ಲಿ ಕೆಲಸವನ್ನಾರಂಭಿಸಿ, ೧೯೮೬ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಒಂದು ಪದ್ಧತಿಯನ್ನು ಪ್ರಕಟಪಡಿಸಿದರು. ಅದರ ಹೆಸರು ಕ್ಯಾನ್. ಒಂದಕ್ಕೊಂದು ಹೆಣೆದ ಎರಡೇ ತಂತಿಗಳ ಮೇಲೆ ಎಲ್ಲ ಕಂಪ್ಯೂಟರುಗಳೂ ಸರದಿಯಂತೆ ಮಾತಾಡುತ್ತವೆ.

ಯಾರೂ ಮಾತಾಡದಿರುವಾಗ ಎರಡು ತಂತಿಗಳಲ್ಲಿಯೂ ಸುಮಾರು ೨.೫ ವೋಲ್ಟ್ ಇರುತ್ತದೆ. ಮಾತಾಡುವಾಗ ಒಂದು ೩.೫ಕ್ಕೆ ಏರುತ್ತದೆ, ಇನ್ನೊಂದು ೧.೫ಕ್ಕೆ ಇಳಿಯುತ್ತದೆ. ಕೇಳುವ ಕಂಪ್ಯೂಟರು ಇವುಗಳ ಅಂತರವನ್ನು ಮಾತ್ರ ಗಮನಿಸುತ್ತದೆ. ಹೊಗೇನಕಲ್ಲಿನ ಹರಿಗೋಲಿನಲ್ಲಿ ಕುಳಿತ ತಂದೆಮಕ್ಕಳನ್ನು ನೆನೆಯಿರಿ. ಅಲೆಯು ಹರಿಗೋಲನ್ನು ಮೇಲೆತ್ತಿದರೆ ಇಬ್ಬರೂ ಒಟ್ಟಿಗೆ ಮೇಲೇರುತ್ತಾರೆ. ಇಳಿದರೆ ಒಟ್ಟಿಗೆ ಇಳಿಯುತ್ತಾರೆ. ಇಬ್ಬರ ತಲೆಗಳ ಎತ್ತರದ ವ್ಯತ್ಯಾಸವು ಬದಲಾಗುವುದಿಲ್ಲ. ಹಾಗೆಯೇ ಹೊರಗಿನಿಂದ ಬಂದ ವಿದ್ಯುತ್ತಿನ ಗದ್ದಲವು ಹೆಣೆದ ಎರಡು ತಂತಿಗಳಿಗೂ ಸಮನಾಗಿ ತಗಲುವುದರಿಂದ ಅಂತರವು ಕೆಡುವುದಿಲ್ಲ. ಆ ಹೆಣಿಗೆಯನ್ನು ಬಿಚ್ಚಿ ಒಂದೇ ತಂತಿಯನ್ನು ದೂರಕ್ಕೆ ಎಳೆದರೆ ಈ ರಕ್ಷಣೆಯು ತಪ್ಪಿಹೋಗುತ್ತದೆ.

ಈ ಜೋಡಿ ತಂತಿಯ ಎರಡು ಕೊನೆಗಳಲ್ಲಿಯೂ ೧೨೦ ಓಮಿನ ಒಂದೊಂದು ರೋಧಕವಿರುತ್ತದೆ. ಸುದ್ದಿಯು ಕೊನೆಯನ್ನು ಮುಟ್ಟಿ ಬಾವಿಯೊಳಗಿನ ಪ್ರತಿಧ್ವನಿಯಂತೆ ಹಿಂದಿರುಗದಿರಲೆಂದು ಈ ಏರ್ಪಾಡು. ಬ್ಯಾಟರಿಯನ್ನು ಕಳಚಿ ಎರಡು ತಂತಿಗಳ ಮಧ್ಯೆ ಅಳೆದರೆ ಸುಮಾರು ೬೦ ಓಮ್ ಕಾಣಬೇಕು. ಹೊರಗಿನಿಂದ ತಂದ ಯಂತ್ರವೊಂದು ತನ್ನೊಳಗೆ ಮತ್ತೊಂದು ೧೨೦ ಓಮನ್ನು ಇಟ್ಟುಕೊಂಡಿದ್ದು ಅದನ್ನೂ ಸೇರಿಸಿದರೆ ಅಳತೆಯು ೪೦ಕ್ಕೆ ಇಳಿಯುತ್ತದೆ. ಆಗ ಸಂಭಾಷಣೆಯು ತಡವರಿಸಬಹುದು. ಮೀಟರಿನ ಮುಳ್ಳು ಬೀಳಬಹುದು. ಬ್ರೇಕಿನ ಎಚ್ಚರಿಕೆಯ ದೀಪವು ಹೊತ್ತಬಹುದು. ಹಾಡಿನ ಸೆಟ್ಟಿಗೂ ಬ್ರೇಕಿಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರ ಇದೇ: ಎರಡೂ ಒಂದೇ ದಾರಿಯನ್ನು ಹಂಚಿಕೊಂಡಿವೆ.

೭. ವೇಗಮಿತಿ ಯಂತ್ರ: ನಮ್ಮ ಮಕ್ಕಳಿಗೆ ಹತ್ತಿರದ ಉದಾಹರಣೆ

ಕೇಂದ್ರ ಮೋಟಾರು ವಾಹನ ನಿಯಮಗಳ ೧೧೮ನೆಯ ನಿಯಮದಲ್ಲಿ ಸಾಗಣೆ ವಾಹನಗಳಿಗೆ ವೇಗಮಿತಿ ಯಂತ್ರದ ವಿಧಿಯುಂಟು. ಸಾಮಾನ್ಯ ಮಿತಿ ಗಂಟೆಗೆ ೮೦ ಕಿಲೋಮೀಟರ್. ಶಾಲೆಯ ಬಸ್ಸು, ಟ್ಯಾಂಕರ್ ಮೊದಲಾದವುಗಳಿಗೆ ೬೦. ಹಲವು ವಾಹನಗಳಿಗೆ ಈ ಯಂತ್ರವನ್ನು ತರುವಾಯ ಅಂಗಡಿಯಲ್ಲಿ ಜೋಡಿಸುತ್ತಾರೆ. ಪೆಡಲಿಗೂ ಎಂಜಿನಿಗೂ ನಡುವೆ ಉಕ್ಕಿನ ಹಗ್ಗವಿಲ್ಲದೆ ತಂತಿ ಮಾತ್ರವಿರುವ ವಾಹನದಲ್ಲಿ ಈ ಯಂತ್ರವು ಪೆಡಲಿನ ಸುದ್ದಿಯ ತಂತಿಯ ನಡುವೆ ಕುಳಿತುಕೊಳ್ಳುತ್ತದೆ.

ಪೆಡಲಿನೊಳಗೆ ಒಂದಲ್ಲ, ಎರಡು ಸೆನ್ಸಾರುಗಳಿವೆ. ಅನೇಕ ವಾಹನಗಳಲ್ಲಿ ಒಂದು ಹೇಳುವ ವೋಲ್ಟೇಜಿನ ಅರ್ಧವನ್ನು ಇನ್ನೊಂದು ಹೇಳುತ್ತದೆ. ಮೊದಲನೆಯದು ೪ ವೋಲ್ಟ್ ಎಂದರೆ ಎರಡನೆಯದು ೨ ಎನ್ನಬೇಕು. ನ್ಯಾಯಸ್ಥಾನದಲ್ಲಿ ಇಬ್ಬರು ಸಾಕ್ಷಿಗಳ ಮಾತನ್ನು ತಾಳೆ ನೋಡುವಂತೆ ಕಂಪ್ಯೂಟರು ಇವೆರಡನ್ನೂ ತಾಳೆ ನೋಡುತ್ತದೆ. ಮಾತು ಕೂಡದಿದ್ದರೆ ಪೆಡಲನ್ನೇ ನಂಬದೆ ಎಂಜಿನಿನ ಬಲವನ್ನು ತಗ್ಗಿಸಿಬಿಡುತ್ತದೆ. ಇದು ರಕ್ಷಣೆಗಾಗಿ ಮಾಡಿದ ಏರ್ಪಾಡೇ ಸರಿ. ಆದರೆ ತಿರುಚಿ ಟೇಪು ಸುತ್ತಿದ ಜೋಡಣೆಯು ಮಳೆಯ ತೇವದಿಂದಲೋ ರಸ್ತೆಯ ಅಲುಗಾಟದಿಂದಲೋ ಸಡಿಲವಾಗಿ, ಧರ್ಮಪುರಿಯ ಕಡೆಗೆ ತೊಪ್ಪೂರು ಕಣಿವೆಯನ್ನು ಏರುತ್ತಿರುವಾಗ ಬಲವು ಹಠಾತ್ತನೆ ತಗ್ಗಿದರೆ? ಹಿಂದೆ ಭಾರದ ಲಾರಿಗಳು ಬರುತ್ತಿರುತ್ತವೆ. ಇಳಿಯುವ ದಿಕ್ಕಿನಲ್ಲಂತೂ ಈ ಕಣಿವೆಯು ಅಪಘಾತಗಳಿಗೆ ಕುಖ್ಯಾತವಾಗಿದೆ. ಅಲ್ಲಿ ಎಂಜಿನಿನ ತಡೆ, ಎಕ್ಸಾಸ್ಟ್ ಬ್ರೇಕು, ಎ.ಬಿ.ಎಸ್. ಇವುಗಳ ಕಂಪ್ಯೂಟರುಗಳು ಒಂದರ ಮಾತನ್ನೊಂದು ಸರಿಯಾಗಿ ಕೇಳಿಸಿಕೊಳ್ಳುತ್ತಿರಬೇಕು. ಜೀವವನ್ನು ಉಳಿಸಲೆಂದು ಹಾಕಿಸಿದ ಯಂತ್ರವೇ ಕೆಟ್ಟ ಜೋಡಣೆಯಿಂದ ಜೀವಕ್ಕೆ ಎರವಾಗಬಾರದು. ಯಂತ್ರವನ್ನು ಹಾಕಿಸುವುದು ಅರ್ಧ ಕೆಲಸ; ಸರಿಯಾಗಿ ಜೋಡಿಸುವುದು ಉಳಿದರ್ಧ.

೮. ಸುಳ್ಳನ್ನೇ ಹೇಳುವ ಪೆಟ್ಟಿಗೆಗಳು

ಇದುವರೆಗೆ ಅಜಾಗ್ರತೆಯಿಂದ ಹುಟ್ಟುವ ಸುಳ್ಳನ್ನು ಕುರಿತು ಹೇಳಿದೆವು. ಬೇಕೆಂದೇ ಸುಳ್ಳು ಹೇಳುವ ಪೆಟ್ಟಿಗೆಗಳೂ ಮಾರಾಟಕ್ಕಿವೆ. ಈಗಿನ ಡೀಸೆಲ್ ಎಂಜಿನುಗಳಲ್ಲಿ ಇಂಧನದ ಒತ್ತಡವು ೧೬೦೦ ಬಾರ್, ೨೦೦೦ ಬಾರ್‌ನಷ್ಟು ಏರುತ್ತದೆ. ಒತ್ತಡದ ಸೆನ್ಸಾರಿಗೂ ಕಂಪ್ಯೂಟರಿಗೂ ನಡುವೆ ಒಂದು ಪೆಟ್ಟಿಗೆಯನ್ನಿಟ್ಟು, ಇದ್ದುದಕ್ಕಿಂತ ಕಡಿಮೆ ಒತ್ತಡವಿದೆಯೆಂದು ಹೇಳಿಸುತ್ತಾರೆ. ಕಂಪ್ಯೂಟರು ಅದನ್ನು ನಂಬಿ ಒತ್ತಡವನ್ನು ಇನ್ನೂ ಏರಿಸುತ್ತದೆ. ಬಲವು ಹೆಚ್ಚಿದಂತೆ ತೋರುತ್ತದೆ. ಆದರೆ ಹೊಗೆಯೂ ಶಾಖವೂ ಹೆಚ್ಚುತ್ತವೆ, ಪಂಪಿನ ಆಯುಷ್ಯವು ಕುಗ್ಗುತ್ತದೆ.

ಲಾರಿಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳನ್ನು ನಿರುಪದ್ರವವಾಗಿಸಲು ಶೇಕಡ ೩೨.೫ರಷ್ಟು ಯೂರಿಯಾ ಬೆರೆತ ನೀರನ್ನು ಹೊಗೆಯೊಳಕ್ಕೆ ಸಿಂಪಡಿಸುವ ಏರ್ಪಾಡು ಉಂಟು. ಆ ನೀರಿನ ಖರ್ಚನ್ನು ತಪ್ಪಿಸಲೆಂದು, ಸಿಂಪಡಣೆಯು ಸರಿಯಾಗಿ ನಡೆಯುತ್ತಿದೆಯೆಂದು ಕ್ಯಾನ್ ತಂತಿಯ ಮೇಲೆ ಸುಳ್ಳು ಸಾಕ್ಷಿ ನುಡಿಯುವ ಪೆಟ್ಟಿಗೆಗಳೂ ಬಂದಿವೆ. ಉಳಿಯುವ ಹಣ ಲಾರಿಯವರದು. ಆ ಗಾಳಿಯನ್ನು ಉಸಿರಾಡುವವರು ಹೆದ್ದಾರಿಯ ಬದಿಯ ಊರುಗಳ ಮಕ್ಕಳು. ಇಂಥ ಮೋಸವು ದೊಡ್ಡವರಿಂದಲೂ ನಡೆದುದುಂಟು. ಫೋಕ್ಸ್‌ವಾಗನ್ ಕಂಪನಿಯು ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ತಗ್ಗಿಸುವ ಲೆಕ್ಕಾಚಾರವನ್ನು ಕಂಪ್ಯೂಟರಿನೊಳಗೇ ಅಡಗಿಸಿತ್ತೆಂಬುದು ೨೦೧೫ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಯಲಾಯಿತು. ಜಗತ್ತಿನಲ್ಲಿ ಸುಮಾರು ೧ ಕೋಟಿ ೧೦ ಲಕ್ಷ ವಾಹನಗಳು ಆ ಮೋಸಕ್ಕೆ ಸೇರಿದ್ದವು. ಕಂಪನಿಯು ಅಪಾರ ದಂಡವನ್ನು ತೆರಬೇಕಾಯಿತು.

ನಮ್ಮ ದೇಶದ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

೯. ಜೋಡಿಸುವ ಸರಿಯಾದ ಕ್ರಮ

ಇನ್ನು ಸರಿಯಾದ ಕ್ರಮವನ್ನು ಒಂದೊಂದಾಗಿ ಹೇಳುತ್ತೇವೆ.

(ಅ) ಹೊಸ ಉಪಕರಣಕ್ಕೆ ಬಲವನ್ನು ಬ್ಯಾಟರಿಯಿಂದಲೋ, ತಯಾರಕರು ಇದಕ್ಕೆಂದೇ ಬಿಟ್ಟಿರುವ ಫ್ಯೂಸಿನ ಸ್ಥಾನದಿಂದಲೋ ಪಡೆಯಬೇಕು; ಕಂಪ್ಯೂಟರಿನ ತಂತಿಗಳ ಕಟ್ಟಿನಿಂದ ಪಡೆಯಕೂಡದು.

(ಆ) ಬ್ಯಾಟರಿಯಿಂದ ಹೊರಟ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಇರಬೇಕು. ಫ್ಯೂಸಿನ ಮೊದಲ ಕರ್ತವ್ಯ ತಂತಿಯನ್ನು ಕಾಯುವುದು. ಫ್ಯೂಸು ದೂರದಲ್ಲಿದ್ದು, ಅದಕ್ಕೂ ಬ್ಯಾಟರಿಗೂ ನಡುವಿನ ತಂತಿಯು ಸವೆದು ಲೋಹವನ್ನು ಮುಟ್ಟಿದರೆ ನೂರಾರು ಆಂಪಿಯರ್ ಹರಿದು ಬೆಂಕಿ ಹತ್ತಬಹುದು. ೫೫ ವ್ಯಾಟಿನ ಎರಡು ದೀಪಗಳಿಗೆ ೧೨ ವೋಲ್ಟಿನಲ್ಲಿ ೧೧೦ ÷ ೧೨ = ೯.೨ ಆಂಪಿಯರ್ ಬೇಕು. ಇದಕ್ಕೆ ೧೫ ಆಂಪಿಯರಿನ ಫ್ಯೂಸೂ, ಅದಕ್ಕಿಂತ ಹೆಚ್ಚು ಪ್ರವಾಹವನ್ನು ತಾಳುವ ದಪ್ಪದ ತಂತಿಯೂ ಇರತಕ್ಕದ್ದು.

(ಇ) ಹೆಚ್ಚು ಪ್ರವಾಹವನ್ನು ಬಯಸುವ ಉಪಕರಣವನ್ನು ರಿಲೇಯ ಮೂಲಕ ನಡೆಸಬೇಕು. ರಿಲೇಯ ಸುರುಳಿಯಲ್ಲಿ ಪ್ರವಾಹವು ನಿಂತ ಕ್ಷಣದಲ್ಲಿ ನೂರು ವೋಲ್ಟನ್ನೂ ಮೀರಿದ ಒಂದು ಹೊಡೆತವು ಹುಟ್ಟಬಹುದು. ಅದನ್ನು ನುಂಗಿಕೊಳ್ಳುವ ಡಯೋಡು ಅಥವಾ ರೋಧಕವುಳ್ಳ ರಿಲೇಯನ್ನೇ ಆರಿಸಿಕೊಳ್ಳಬೇಕು.

(ಈ) ಅರ್ತ್ ತಂತಿಯನ್ನು ಬ್ಯಾಟರಿಯ ಋಣಾಗ್ರಕ್ಕೋ, ಬಣ್ಣ ಕೆರೆದು ಶುಚಿಮಾಡಿದ ಚಾಸಿಯ ಬೋಲ್ಟಿಗೋ ಸೇರಿಸಬೇಕು. ಸೆನ್ಸಾರುಗಳ ಅರ್ತ್ ತಂತಿಗೆ ಸೇರಿಸಿದರೆ, ಅದರ ರೋಧ ೦.೦೨ ಓಮ್ ಇದ್ದರೂ ೧೦ ಆಂಪಿಯರ್ ಹರಿದಾಗ ೦.೨ ವೋಲ್ಟ್ ಏರುತ್ತದೆ. ೫ ವೋಲ್ಟಿನ ಅಳತೆಯಲ್ಲಿ ಇದು ನೂರಕ್ಕೆ ನಾಲ್ಕರಷ್ಟು ತಪ್ಪು.

(ಉ) ಕಾರುಗಳಲ್ಲಿ ಚಾಲಕನ ಮುಂದಿನ ಹಲಗೆಯ ಕೆಳಗೆ ೧೬ ತೂತುಗಳ ಪರೀಕ್ಷಾ ಸಾಕೆಟ್ ಇದೆ. ವೇಗ, ಉಷ್ಣತೆ ಮೊದಲಾದ ಸುದ್ದಿ ಬೇಕಾದರೆ ಅದನ್ನು ಕೇಳುವ ಬಾಗಿಲು ಇದೇ; ತಂತಿಯನ್ನು ಚುಚ್ಚುವುದಲ್ಲ. ಆದರೆ ಇದರ ೧೬ನೆಯ ತೂತಿನಲ್ಲಿ ಬ್ಯಾಟರಿಯ ಬಲವು ಸದಾ ಇರುತ್ತದೆ. ೦.೦೫ ಆಂಪಿಯರ್ ಹೀರುವ ಯಂತ್ರವನ್ನು ಅಲ್ಲಿಯೇ ಬಿಟ್ಟರೆ ದಿನಕ್ಕೆ ೧.೨ ಆಂಪಿಯರ್-ಗಂಟೆ ಹೋಗುತ್ತದೆ. ಓಡಿಸದೆ ನಿಲ್ಲಿಸಿದ ಕಾರಿನ ೩೫ ಆಂಪಿಯರ್-ಗಂಟೆಯ ಬ್ಯಾಟರಿಯು ಹದಿನೈದು ದಿನಗಳಲ್ಲಿ ಅರ್ಧ ಬರಿದಾಗುತ್ತದೆ.

(ಊ) ಲಾರಿಗಳಲ್ಲಿ ೧೨ ವೋಲ್ಟಿನ ಎರಡು ಬ್ಯಾಟರಿಗಳು ಸೇರಿ ೨೪ ವೋಲ್ಟ್ ಆಗುತ್ತವೆ. ಹಾಡಿನ ಸೆಟ್ಟಿಗೆ ಒಂದೇ ಬ್ಯಾಟರಿಯಿಂದ ೧೨ ವೋಲ್ಟನ್ನು ತೆಗೆದರೆ ಒಂದು ಬ್ಯಾಟರಿ ಬಡವಾಗಿ, ಇನ್ನೊಂದು ಮಿತಿಮೀರಿ ಚಾರ್ಜಾಗಿ ಎರಡೂ ಬೇಗನೆ ಕೆಡುತ್ತವೆ. ೨೪ನ್ನು ೧೨ ಮಾಡುವ ಕನ್ವರ್ಟರನ್ನು ಬಳಸತಕ್ಕದ್ದು.

(ಋ) ಹಳದಿ ಹೊದಿಕೆಯ ಅಥವಾ ಹಳದಿ ಕನೆಕ್ಟರಿನ ತಂತಿಗಳು ಸಾಮಾನ್ಯವಾಗಿ ಗಾಳಿಚೀಲದವು. ಟೆಸ್ಟ್ ಲ್ಯಾಂಪಿನ ಪ್ರವಾಹದಿಂದ ಚೀಲವು ಸಿಡಿಯಬಹುದು. ಅವನ್ನು ಮುಟ್ಟಲೇಕೂಡದು.

(ೠ) ಸಂಕಗಿರಿ, ನಾಮಕ್ಕಲ್ ಮೊದಲಾದೆಡೆ ಲಾರಿಯ ಬಾಡಿ ಕಟ್ಟುವಾಗ ವಿದ್ಯುತ್ ವೆಲ್ಡಿಂಗ್ ನಡೆಯುತ್ತದೆ. ಅದಕ್ಕೆ ಮುಂಚೆ ಬ್ಯಾಟರಿಯನ್ನೂ ಕಂಪ್ಯೂಟರಿನ ಕನೆಕ್ಟರುಗಳನ್ನೂ ಕಳಚಿ, ವೆಲ್ಡಿಂಗಿನ ಅರ್ತನ್ನು ಬೆಸೆಯುವ ಜಾಗದ ಹತ್ತಿರದಲ್ಲೇ ಹಿಡಿಸಬೇಕು.

೧೦. ತಂದೆತಾಯಿಗಳಿಗೆ ಒಂದು ಮಾತು

ಪೋಷಕರೆಲ್ಲರೂ ಎಲೆಕ್ಟ್ರಿಷಿಯನ್ನರಲ್ಲ, ಆಗಬೇಕಾದುದೂ ಇಲ್ಲ. ಆದರೆ ವಾಹನವನ್ನು ಅಂಗಡಿಯಲ್ಲಿ ಬಿಡುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಬಲವನ್ನು ಎಲ್ಲಿಂದ ತೆಗೆಯುತ್ತೀರಿ? ಫ್ಯೂಸನ್ನು ಎಲ್ಲಿ ಇಡುತ್ತೀರಿ, ಅದು ಎಷ್ಟು ಆಂಪಿಯರಿನದು? ಕಂಪ್ಯೂಟರಿನ ಯಾವ ತಂತಿಯನ್ನಾದರೂ ಸುಲಿಯುತ್ತೀರೋ? ಮುಂದೆ ಇದನ್ನು ತೆಗೆಯಬೇಕಾದರೆ ವಾಹನವು ಮೊದಲಿನಂತಾಗುವುದೋ? ಬಲ್ಲ ಕೆಲಸಗಾರನು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಹೇಳುತ್ತಾನೆ. ಉತ್ತರ ಸಿಗದ ಕಡೆ ಕೆಲಸವನ್ನು ಒಪ್ಪಿಸದಿರುವುದೇ ಲೇಸು. ಅಗ್ಗದ ಕೂಲಿಯಲ್ಲಿ ಉಳಿಸಿದ ಇನ್ನೂರು ರೂಪಾಯಿಯು ಒಂದು ಕಂಪ್ಯೂಟರಿನ ಬೆಲೆಯ ಮುಂದೆ ಏನೂ ಅಲ್ಲ. ಒಂದು ಪ್ರಾಣದ ಮುಂದಂತೂ ಆ ಮಾತನ್ನೇ ಆಡಬೇಕಾಗಿಲ್ಲ.

ಬಾಲಕಬಾಲಕಿಯರಿಗೆ ನಾವು ಹೇಳುವುದಿಷ್ಟು. ನಿಮ್ಮಲ್ಲಿ ಕೆಲವರು ನಾಳೆ ಈ ಕೆಲಸವನ್ನೇ ಕೈಗೊಳ್ಳುವಿರಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಯಂತ್ರದ ಪುಸ್ತಕದಲ್ಲಿ ಇಂಗ್ಲಿಷ್ ಎಂದು ಅಂಜಬೇಕಾಗಿಲ್ಲ. ಓಮನ ನಿಯಮವು ಎಲ್ಲ ಭಾಷೆಗಳಲ್ಲಿಯೂ ಒಂದೇ. ತಂತಿಯನ್ನು ಕತ್ತರಿಸುವ ಮುನ್ನ ಅದು ಬಲವನ್ನು ಹೊತ್ತಿದೆಯೋ ಸುದ್ದಿಯನ್ನು ಹೊತ್ತಿದೆಯೋ ಎಂದು ಅಳೆದು ತಿಳಿಯಿರಿ. ವಾಹನದ ನಕ್ಷೆಯನ್ನು ಓದಿರಿ. ತಿಳಿಯದಿದ್ದರೆ ಬಲ್ಲವರನ್ನು ಕೇಳಿರಿ. ಕೈಯ ಚಳಕಕ್ಕೆ ಮುಂಚೆ ತಿಳಿವಳಿಕೆ ಬರಲಿ.

ಅಭ್ಯಾಸ

೧. ೨೪ ವೋಲ್ಟಿನ ಲಾರಿಗೆ ೭೦ ವ್ಯಾಟಿನ ಎರಡು ದೀಪಗಳನ್ನು ಸೇರಿಸಿದರೆ ಎಷ್ಟು ಆಂಪಿಯರ್ ಹರಿಯುವುದು? (ಉತ್ತರ: ಸುಮಾರು ೫.೮)

೨. ೦.೦೩ ಆಂಪಿಯರ್ ಹೀರುವ ಜಿ.ಪಿ.ಎಸ್. ಯಂತ್ರವು ಹತ್ತು ದಿನಗಳಲ್ಲಿ ಬ್ಯಾಟರಿಯಿಂದ ಎಷ್ಟನ್ನು ತೆಗೆಯುವುದು? (ಉತ್ತರ: ೭.೨ ಆಂಪಿಯರ್-ಗಂಟೆ)

೩. ಕ್ಯಾನ್ ತಂತಿಗಳ ಮಧ್ಯೆ ೬೦ ಓಮಿಗೆ ಬದಲಾಗಿ ೧೨೦ ಓಮ್ ಕಂಡರೆ ಏನಾಗಿರಬಹುದು?

೪. ಟೆಸ್ಟ್ ಲ್ಯಾಂಪು ಉರಿಯದಿದ್ದ ಮಾತ್ರಕ್ಕೆ ತಂತಿಯಲ್ಲಿ ವೋಲ್ಟೇಜು ಇರಲಿಲ್ಲವೆಂದು ಹೇಳಬಹುದೇ? ಕಾರಣಸಹಿತ ವಿವರಿಸಿರಿ.

೫. ಪೆಡಲಿನೊಳಗೆ ಎರಡು ಸೆನ್ಸಾರುಗಳನ್ನು ಇಟ್ಟಿರುವುದೇಕೆ?